ಹಿಂದಿನ ಸಾಲಿನಿಂದ ಒಂದು ಉಪಪ್ರಶ್ನೆ

ಕೇಳುಗರೇ, ನಮಸ್ಕಾರ.

ಶಾಲೆಯಲ್ಲಿ ಕೊನೆಯ ಬೆಂಚು ಅಂದರೇನು ಅಂತ ನಿಮಗೆ ಹೇಳಬೇಕಾಗಿಲ್ಲ. ಸಂಸತ್ತಿನಲ್ಲೂ ಅಂಥ ಸಾಲುಗಳಿವೆ. ಮುಂದಿನ ಸಾಲಿನಲ್ಲಿ ಪ್ರಧಾನಿ, ಹಿರಿಯ ಸಚಿವರು. ಎದುರುಗಡೆ ವಿರೋಧ ಪಕ್ಷಗಳ ನಾಯಕರು. ಮಂತ್ರಿಗಿರಿ ಇಲ್ಲದವರು, ಕ್ಯಾಮೆರಾ ಅಷ್ಟಾಗಿ ತಿರುಗಿ ನೋಡದವರು ಹಿಂದೆ. ಮಸೂದೆಗೆ ಮತ ಹಾಕುವಾಗ ಇವರ ಕೈ ಇವರದಲ್ಲ. ಹೀಗೇ ಮತ ಹಾಕಬೇಕೆಂದು ಪಕ್ಷ ವಿಪ್ ಹೊರಡಿಸಿತೆಂದರೆ ಮುಗಿಯಿತು. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನಂತೆ, ವಿಪ್ ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಆದರೆ ಪ್ರಶ್ನೆ ಕೇಳುವುದಕ್ಕೆ ಆ ಕಾನೂನು ಅಡ್ಡ ಬರುವುದಿಲ್ಲ. ಆಡಳಿತ ಪಕ್ಷದ ಸದಸ್ಯರು ತಮ್ಮದೇ ಸರ್ಕಾರದ ಸಚಿವರನ್ನು ಎದ್ದು ನಿಲ್ಲಿಸಿ ಕೇಳಬಹುದು. ಕೇಳಿದವರಿದ್ದಾರೆ, ಅವರ ಕತೆಗೆ ಆಮೇಲೆ ಬರುತ್ತೇನೆ.

ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ಅವಧಿ. ರಾಜ್ಯಸಭೆಯಲ್ಲಿ 2014ರಿಂದೀಚೆಗೆ ಅದು ಮಧ್ಯಾಹ್ನ 12ಕ್ಕೆ ಶುರುವಾಗುತ್ತದೆ. ಬೆಳಿಗ್ಗೆಯ ಗದ್ದಲಕ್ಕೆ ಪ್ರಶ್ನೆಗಳು ಬಲಿಯಾಗುತ್ತಿದ್ದವು, ಅದಕ್ಕೇ ಮುಂದಕ್ಕೆ ಹಾಕಿದರು. ಗದ್ದಲವೂ ಹಿಂದೆಯೇ 12ಕ್ಕೆ ಬಂದದ್ದುಂಟು, ಆ ಮಾತು ಬೇರೆ.

ಪ್ರಶ್ನೆ ಅಂದ ತಕ್ಷಣ ಎದ್ದು ನಿಂತು ಕೇಳಿಬಿಡುವುದಲ್ಲ. ಹದಿನೈದು ದಿನ ಮೊದಲೇ ಲಿಖಿತವಾಗಿ ಸೂಚನೆ ಕೊಡಬೇಕು. ಬಂದ ಸೂಚನೆಗಳೆಲ್ಲ ಲಾಟರಿಗೆ ಹೋಗುತ್ತವೆ. ಅದರಲ್ಲಿ ಗೆದ್ದ 20 ಪ್ರಶ್ನೆಗಳು ಮಾತ್ರ ಲೋಕಸಭೆಯಲ್ಲಿ ಆ ದಿನದ ಚುಕ್ಕೆ ಗುರುತಿನ ಪ್ರಶ್ನೆಗಳು. ಅಂದರೆ ಸಚಿವರು ಬಾಯಿಬಿಟ್ಟು ಉತ್ತರಿಸಬೇಕಾದವು. ಇನ್ನು 230 ಪ್ರಶ್ನೆಗಳು ಚುಕ್ಕೆ ಗುರುತಿಲ್ಲದವು, ಅವಕ್ಕೆ ಲಿಖಿತ ಉತ್ತರ. ಪ್ರಶ್ನೆ 150 ಪದ ಮೀರಬಾರದು. ಅದರಲ್ಲಿ ವಾದ ಇರಬಾರದು, ವ್ಯಂಗ್ಯ ಇರಬಾರದು, ಆರೋಪ ಇರಬಾರದು, ಊಹೆಯ ಮೇಲೆ ಕಟ್ಟಿದ್ದಾಗಿರಬಾರದು. ಟೀವಿಯ ರಾತ್ರಿ ಚರ್ಚೆಗಳಿಗೆ ಈ ನಿಯಮ ಅನ್ವಯಿಸಿದರೆ ಒಂಬತ್ತು ಗಂಟೆಗೆ ಪರದೆಯ ಮೇಲೆ ಯಾರೂ ಇರುವುದಿಲ್ಲ.

ನನಗೆ ಸಂಸತ್ತಿನ ಪ್ರಶ್ನೋತ್ತರಗಳ ಕಡತ ಓದುವ ಗೀಳಿದೆ. ಅದರ ಭಾಷೆ ನಮ್ಮ ಕಚೇರಿ ಕನ್ನಡದ ಅಣ್ಣನೋ ತಮ್ಮನೋ ಇದ್ದ ಹಾಗೆ. 'ಇಂಥದ್ದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ವಿವರಗಳೇನು? ಇಲ್ಲದಿದ್ದಲ್ಲಿ, ಕಾರಣಗಳೇನು?' ಉತ್ತರವೂ ಅದೇ ಅಚ್ಚಿನದು. '(ಅ)ದಿಂದ (ಈ)ವರೆಗೆ: ಹೇಳಿಕೆಯನ್ನು ಸದನದ ಮೇಜಿನ ಮೇಲೆ ಇಡಲಾಗಿದೆ.' ನಾಲ್ಕು ಕೊಕ್ಕೆ ಹಾಕಿ ಕೇಳಿದ್ದನ್ನು ಸಚಿವಾಲಯ ಒಂದೇ ಗಂಟು ಮಾಡಿ ಕೊಡುತ್ತದೆ. ಯಾವ ಕೊಕ್ಕೆಗೆ ಮೀನು ಸಿಕ್ಕಿಲ್ಲ ಅಂತ ಕೇಳಿದವರೇ ಬಿಚ್ಚಿ ನೋಡಿಕೊಳ್ಳಬೇಕು.

ಹಾಗಾಗಿ ಪ್ರಶ್ನೆಯ ನಿಜವಾದ ಜೀವ ಇರುವುದು ಉಪಪ್ರಶ್ನೆಯಲ್ಲಿ, ಅಂದರೆ ಸಚಿವರ ಉತ್ತರ ಕೇಳಿದ ಮೇಲೆ ಮತ್ತೆ ಕೆದಕುವ ಪ್ರಶ್ನೆಯಲ್ಲಿ. ಮೂಲ ಪ್ರಶ್ನೆ ಕೊಟ್ಟ ಸದಸ್ಯರಿಗೆ ಎರಡು ಉಪಪ್ರಶ್ನೆಗಳ ಅವಕಾಶ. ಇದಕ್ಕೆ ಮೊದಲೇ ಸೂಚನೆ ಕೊಡಬೇಕಾಗಿಲ್ಲ. ಸಚಿವರ ಕೈಯಲ್ಲಿ ದಪ್ಪನೆಯ ಕಡತ ಇರುತ್ತದೆ. ಕೇಳಬಹುದಾದ ಉಪಪ್ರಶ್ನೆಗಳನ್ನೆಲ್ಲ ಅಧಿಕಾರಿಗಳು ಊಹಿಸಿ ಉತ್ತರ ಬರೆದುಕೊಟ್ಟಿರುತ್ತಾರೆ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿಗಳು ಕೆಳಗೆ ಬರುತ್ತಿರುತ್ತವೆ. ಸಚಿವರು ಪುಟ ತಿರುವುತ್ತಿದ್ದಾರೆ, ಚೀಟಿ ಇನ್ನೂ ದಾರಿಯಲ್ಲಿದೆ. ಕಡತದಲ್ಲಿ ಇಲ್ಲದ ಒಂದು ಮಾತು ಕೇಳಬಲ್ಲ ಸದಸ್ಯರು ಕಾಯುವುದು ಆ ಗಳಿಗೆಗಾಗಿ.

ಒಂದು ಉದಾಹರಣೆ ಕೊಡುತ್ತೇನೆ, ಕಲ್ಪಿಸಿಕೊಂಡದ್ದೇ. ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿದೆ ಅಂತ ಸದಸ್ಯರೊಬ್ಬರಿಗೆ ಸಿಟ್ಟು. 'ಸರ್ಕಾರ ನಿದ್ದೆ ಮಾಡುತ್ತಿದೆಯೇ' ಅಂತ ಕೇಳಿದರೆ ಪ್ರಶ್ನೆ ಲೋಕಸಭೆಯ ಸಚಿವಾಲಯದ ಬಾಗಿಲನ್ನೇ ದಾಟುವುದಿಲ್ಲ. 'ಧಾನ್ಯ ಹಾಳಾಗದಂತೆ ಸರ್ಕಾರ ಕೈಗೊಂಡ ಕ್ರಮಗಳೇನು' ಅಂತ ಕೇಳಿದರೆ ಯೋಜನೆಗಳ ಉದ್ದನೆಯ ಪಟ್ಟಿ ಬರುತ್ತದೆ, ಭಾಷಣಕ್ಕೆ ಸಚಿವರಿಗೆ ನಾವೇ ವೇದಿಕೆ ಹಾಕಿಕೊಟ್ಟಂತೆ. ಪಳಗಿದವರು ಹೀಗೆ ಕೇಳುತ್ತಾರೆ: ಕಳೆದ ಮೂರು ವರ್ಷಗಳಲ್ಲಿ, ವರ್ಷವಾರು, ರಾಜ್ಯವಾರು, ಬಳಕೆಗೆ ಯೋಗ್ಯವಲ್ಲವೆಂದು ಘೋಷಿಸಿದ ಧಾನ್ಯ ಎಷ್ಟು ಟನ್? ಎಷ್ಟು ಅಧಿಕಾರಿಗಳ ಮೇಲೆ ಕ್ರಮ ಜರುಗಿದೆ? ಈಗ ಕೋಷ್ಟಕ ಬರಲೇಬೇಕು. ಕೋಷ್ಟಕ ಬಂದ ಮೇಲೆ ಉಪಪ್ರಶ್ನೆ: ಮೊದಲ ವರ್ಷಕ್ಕಿಂತ ಮೂರನೆಯ ವರ್ಷ ನಷ್ಟ ಹೆಚ್ಚಾಗಿದೆ, ಕ್ರಮ ಎದುರಿಸಿದವರ ಸಂಖ್ಯೆ ಇಳಿದಿದೆ, ಇದು ಹೇಗೆ ಸ್ವಾಮಿ? ದನಿ ಏರಿಸಬೇಕಾಗಿಯೇ ಇಲ್ಲ.

ಈಗ ಆ ಕತೆಗೆ ಬರುತ್ತೇನೆ. 1957. ಜೀವ ವಿಮಾ ರಂಗ ರಾಷ್ಟ್ರೀಕರಣಗೊಂಡು ಒಂದು ವರ್ಷ ಕಳೆದಿತ್ತು ಅಷ್ಟೇ. ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳಿಗೆ ಜೀವ ವಿಮಾ ನಿಗಮ ಸುಮಾರು 1.24 ಕೋಟಿ ರೂಪಾಯಿ ಸುರಿಯಿತು. ಹೂಡಿಕೆ ನಿರ್ಧರಿಸಬೇಕಾಗಿದ್ದ ಸಮಿತಿಯನ್ನು ಕೇಳಲೇ ಇಲ್ಲ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸಂಸತ್ತಿನಲ್ಲಿ ಒಂದು ಪ್ರಶ್ನೆಯಾಗಿ ತಲೆ ಎತ್ತಿದ ವಿಷಯ, ಡಿಸೆಂಬರ್ 16ರಂದು ದೊಡ್ಡ ಚರ್ಚೆಯಾಗಿ ಸ್ಫೋಟಿಸಿತು. ಅದನ್ನು ಕೈಗೆತ್ತಿಕೊಂಡವರು ರಾಯ್‌ಬರೇಲಿಯ ಸದಸ್ಯ ಫಿರೋಜ್ ಗಾಂಧಿ. ಕಾಂಗ್ರೆಸ್ಸಿನವರು, ಅಷ್ಟೇ ಅಲ್ಲ, ಪ್ರಧಾನಿ ನೆಹರೂ ಅವರ ಅಳಿಯ. ಎದುರಿಗಿದ್ದ ಅರ್ಥ ಸಚಿವರು ಟಿ. ಟಿ. ಕೃಷ್ಣಮಾಚಾರಿ, ಸರ್ಕಾರದ ಗಟ್ಟಿ ಕುಳ. ಫಿರೋಜ್ ಹಿಡಿದದ್ದು ಷೇರಿನ ಬೆಲೆ, ಖರೀದಿಯ ದಿನಾಂಕ, ಯಾರು ಯಾರಿಗೆ ಬರೆದರು ಎಂಬ ವಿವರ. ಇಂಥ ವಿವರದ ಎದುರು ಸಚಿವರ ವರ್ಚಸ್ಸು ಕೆಲಸಕ್ಕೆ ಬರುವುದಿಲ್ಲ. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ನೇಮಕವಾಯಿತು. ವಿಚಾರಣೆ ಬಹಿರಂಗವಾಗಿ ನಡೆಯಿತು, ವಾರಗಳಲ್ಲೇ ಮುಗಿಯಿತು. 1958ರ ಫೆಬ್ರುವರಿಯಲ್ಲಿ ಅರ್ಥ ಸಚಿವರು ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್‌ನಿಂದ ಫೆಬ್ರುವರಿ, ಆರು ತಿಂಗಳು. ಈಗಿನ ಆಯೋಗಗಳಿಗೆ ಕೊಠಡಿ, ಕುರ್ಚಿ ಸಿಗುವುದಕ್ಕೇ ಅಷ್ಟು ಹಿಡಿಯುತ್ತದೆ.

ಪ್ರಶ್ನೆಗೆ ಇಷ್ಟು ಬೆಲೆ ಇರುವುದರಿಂದಲೇ ಅದು ಮಾರಾಟಕ್ಕೂ ಬಂತು. 2005ರ ಡಿಸೆಂಬರ್‌ನಲ್ಲಿ, ಹಣ ಪಡೆದು ಪ್ರಶ್ನೆ ಕೇಳಲು ಒಪ್ಪಿದ ಸದಸ್ಯರು ಗುಪ್ತ ಕ್ಯಾಮೆರಾಗೆ ಸಿಕ್ಕಿಬಿದ್ದರು. ಲೋಕಸಭೆಯ 10, ರಾಜ್ಯಸಭೆಯ ಒಬ್ಬರು, ಒಟ್ಟು 11 ಮಂದಿಯನ್ನು ಹೊರಹಾಕಲಾಯಿತು. ನನ್ನ ಮಟ್ಟಿಗೆ ಇದಕ್ಕಿಂತ ಬೇಸರದ್ದು 2009ರ ನವೆಂಬರ್ 30. ಅಂದು ಪ್ರಶ್ನೆ ಕೊಟ್ಟ ಸದಸ್ಯರಲ್ಲಿ ಬಹುಪಾಲು ಮಂದಿ ಸದನಕ್ಕೇ ಬರಲಿಲ್ಲ. ಸಚಿವರು ತಯಾರಾಗಿ ಕೂತಿದ್ದರು. ಸಭಾಧ್ಯಕ್ಷರು ಒಂದೊಂದೇ ಹೆಸರು ಕರೆದರು, ಓಗೊಡುವವರಿಲ್ಲ. ಪ್ರಶ್ನೋತ್ತರ ಅವಧಿ ನಡುವೆಯೇ ನಿಂತುಹೋಯಿತು. ಲಂಚ ಕೊಡುವವರು ಯಾರೂ ಬೇಕಾಗಲಿಲ್ಲ.

ಲಿಖಿತ ಉತ್ತರಗಳನ್ನು ಜನ ಹಗುರವಾಗಿ ಕಾಣುತ್ತಾರೆ. ಅದು ಸರಿಯಲ್ಲ. 2020ರ ಮುಂಗಾರು ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟರು. ಉಳಿದದ್ದು ಲಿಖಿತ ಪ್ರಶ್ನೆಗಳು ಮಾತ್ರ. ಲಾಕ್‌ಡೌನ್ ಹೊತ್ತಿನಲ್ಲಿ ಊರಿಗೆ ನಡೆದು ಹೊರಟ ವಲಸೆ ಕಾರ್ಮಿಕರಲ್ಲಿ ಎಷ್ಟು ಮಂದಿ ಸತ್ತರು ಎಂದು ಕೇಳಿದ್ದಕ್ಕೆ ಕಾರ್ಮಿಕ ಸಚಿವಾಲಯ ಕೊಟ್ಟ ಉತ್ತರ, ಅಂಥ ಅಂಕಿ ಅಂಶ ಇಟ್ಟಿಲ್ಲ ಎಂದು. ಒಂದು ಸಾಲು. ಯಾರೂ ಎದ್ದು ಉಪಪ್ರಶ್ನೆ ಕೇಳುವಂತಿರಲಿಲ್ಲ. ಆದರೂ ಮರುದಿನದ ಪತ್ರಿಕೆಗಳ ಮುಖಪುಟಕ್ಕೆ ಆ ಒಂದು ಸಾಲು ಸಾಕಾಯಿತು. ಲೆಕ್ಕ ಇಟ್ಟಿಲ್ಲ ಎಂಬುದೂ ಸರ್ಕಾರ ಸಹಿ ಹಾಕಿ ಕೊಟ್ಟ ಮಾಹಿತಿಯೇ ತಾನೇ.

'ಪರಿಶೀಲನೆಯಲ್ಲಿದೆ', 'ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು'. ಇವು ಜಾರಿಕೊಳ್ಳುವ ಮಾತು ಅಂತ ನಮಗೆಲ್ಲ ಗೊತ್ತು. ಸಂಸತ್ತಿಗೂ ಗೊತ್ತು! ಅದಕ್ಕೇ 1953ರಲ್ಲಿ ಲೋಕಸಭೆ ಸರ್ಕಾರಿ ಭರವಸೆಗಳ ಸಮಿತಿ ಮಾಡಿಕೊಂಡಿತು. ಇಂಥ ಪದಗುಚ್ಛಗಳ ಒಂದು ಪಟ್ಟಿಯೇ ಸಮಿತಿಯ ಬಳಿ ಇದೆ. ಸಚಿವರ ಬಾಯಲ್ಲಿ ಅವು ಬಂದರೆ ಭರವಸೆ ಅಂತ ದಾಖಲಾಗುತ್ತದೆ, ಮೂರು ತಿಂಗಳೊಳಗೆ ಈಡೇರಿಸಬೇಕು. ವರ್ಷಗಟ್ಟಲೆ ಬಾಕಿ ಬಿದ್ದಿರುವ ಭರವಸೆಗಳೂ ಬೇಕಾದಷ್ಟಿವೆ. ಆದರೆ ಲೆಕ್ಕದಿಂದ ಅಳಿದುಹೋಗುವುದಿಲ್ಲ, ಹಳೇ ಸಾಲದ ಪುಸ್ತಕದಲ್ಲಿ ಇದ್ದ ಹಾಗೆ ಇರುತ್ತವೆ.

ಪ್ರಶ್ನೆ ಕೇಳುವ ಹಕ್ಕು ನಮ್ಮಲ್ಲಿ ಬಂದದ್ದು 1892ರ ಕಾಯಿದೆಯಿಂದ, ಬ್ರಿಟಿಷರ ಕಾಲದಲ್ಲಿ. 1893ರಲ್ಲಿ, ಈಗಿನ ಉತ್ತರ ಪ್ರದೇಶದ ಭಿಂಗಾದ ರಾಜರು ಕೇಳಿದ ಮೊದಲ ಪ್ರಶ್ನೆ, ಪ್ರವಾಸ ಬರುವ ಸರ್ಕಾರಿ ಅಧಿಕಾರಿಗಳಿಗೆ ಸಾಮಾನು ಒದಗಿಸಿ ಹಳ್ಳಿಯ ಅಂಗಡಿಯವರು ಪಡುವ ಪಾಡಿನ ಕುರಿತು. ಸಾಮ್ರಾಜ್ಯದ ದೊಡ್ಡ ದೊಡ್ಡ ನೀತಿಗಳೆಲ್ಲ ಇದ್ದವು, ಅವರು ಎತ್ತಿದ್ದು ಅಂಗಡಿಯವನ ಅಕ್ಕಿ ಬೇಳೆಯನ್ನು. ಉತ್ತರ ಕೇಳಿ ಮತ್ತೆ ಕೆದಕುವ ಉಪಪ್ರಶ್ನೆಯ ಹಕ್ಕು ಮಾತ್ರ ಆಗ ಇರಲಿಲ್ಲ. ಅದಕ್ಕೆ 1909ರವರೆಗೆ ಕಾಯಬೇಕಾಯಿತು.

2019ರ ನವೆಂಬರ್ 27ರಂದು ಲೋಕಸಭೆಯಲ್ಲಿ ಪಟ್ಟಿಯ 20 ಪ್ರಶ್ನೆಗಳೂ ಚರ್ಚೆಗೆ ಬಂದವು. 1972ರ ನಂತರ ಅದೇ ಮೊದಲು. ಉಳಿದ ದಿನಗಳಲ್ಲಿ ಐದೋ ಆರೋ ಪ್ರಶ್ನೆ ಮುಗಿಯುವಷ್ಟರಲ್ಲಿ ಗಡಿಯಾರ 12 ತೋರಿಸುತ್ತದೆ. ಉಳಿದವುಗಳ ಉತ್ತರ ಮೇಜಿನ ಮೇಲೆ ಇಟ್ಟದ್ದಾಗಿ ಭಾವಿಸಲಾಗುತ್ತದೆ. ಲಾಟರಿಯಲ್ಲಿ ಒಂಬತ್ತನೆಯ ಸ್ಥಾನ ಬಂದಿದ್ದ ಸದಸ್ಯರು ಬರೆದು ತಂದ ಎರಡು ಉಪಪ್ರಶ್ನೆಗಳ ಚೀಟಿ ಮಡಿಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಹೊರಗೆ ಬಂದು, ಹದಿನೈದು ದಿನದ ಲೆಕ್ಕ ಹಾಕಿ, ಅದೇ ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲಿ, 150 ಪದದೊಳಗೆ ಬರೆಯಲು ಕೂರುತ್ತಾರೆ.

ನಮಸ್ಕಾರ.