ಬಡ ತಂಡದ ಜನರಲ್ ಮ್ಯಾನೇಜರಿಗೆ ಅಂಕ ಹಾಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಈ ಸಭೆಯಲ್ಲಿ ಫ್ರೀಮಾಂಟಿನವರು ಬಹಳ ಮಂದಿ ಕೂತಿದ್ದೀರಿ. ಅಥ್ಲೆಟಿಕ್ಸ್ ಎಂಬ ಬೇಸ್‌ಬಾಲ್ ತಂಡಕ್ಕೆ ನಿಮ್ಮೂರಲ್ಲೇ ಹೊಸ ಸ್ಟೇಡಿಯಂ ಕಟ್ಟುತ್ತೇವೆ ಎಂದು 2006ರಲ್ಲಿ ಹೇಳಿದ್ದರು, 2009ರ ಫೆಬ್ರವರಿಯಲ್ಲಿ ಕೈಬಿಟ್ಟರು. 2024ರ ಸೆಪ್ಟೆಂಬರ್ 26ಕ್ಕೆ ತಂಡದ ಊರಾದ ಓಕ್ಲೆಂಡಿನಲ್ಲಿ ಕೊನೆಯ ಪಂದ್ಯವೂ ಆಗಿಹೋಯಿತು, ಟೆಕ್ಸಸ್ ವಿರುದ್ಧ 3-2 ಗೆಲುವು. ಈಗ ತಂಡ ಸ್ಯಾಕ್ರಮೆಂಟೊ ಹೊಳೆಯ ಆಚೆ ದಡದಲ್ಲಿದೆ, ಮುಂದೆ ಲಾಸ್ ವೇಗಸ್ ಅನ್ನುತ್ತಿದ್ದಾರೆ. ತಂಡ ಊರು ಬಿಟ್ಟ ಮೇಲೆ, ಬಹುಕಾಲ ಅದರ ಜನರಲ್ ಮ್ಯಾನೇಜರ್ (ಜಿಎಂ, ಅಂದರೆ ಆಟಗಾರರನ್ನು ತಂದು, ಕೊಟ್ಟು ತಂಡ ಕಟ್ಟುವವರು) ಆಗಿದ್ದ ಬಿಲ್ಲಿ ಬೀನ್ ಬಗ್ಗೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ: "ಬಿಲ್ಲಿ ಬೀನ್ ಅಂತ ಅಷ್ಟು ಕೊಂಡಾಡಿದರಲ್ಲ, ಒಂದಾದರೂ ಕಪ್ ಬಂತಾ?" ಈ ಅಳತೆಗೋಲೇ ತಪ್ಪು. ಅವರ ಕಥೆಯ 'ಮನಿಬಾಲ್' ಸಿನಿಮಾ ನೀವೆಲ್ಲ ನೋಡಿದ್ದೀರಿ, ಹಾಗಾಗಿ ಕಥೆ ಬಿಟ್ಟು ನೇರವಾಗಿ ಲೆಕ್ಕಕ್ಕೆ ಬರುತ್ತೇನೆ.

ಮೊದಲು ಒಂದು ವ್ಯತ್ಯಾಸ ತಲೆಯಲ್ಲಿರಲಿ. ಐಪಿಎಲ್ ಹರಾಜಿನಲ್ಲಿ ಪ್ರತಿ ತಂಡದ ಚೀಲಕ್ಕೂ ಒಂದೇ ಮಿತಿ. ಆರ್‌ಸಿಬಿಗೆ ಹದಿನೆಂಟನೇ ಸಲ, 2025ರಲ್ಲಿ, ಕಪ್ ಬಂತು. ಅಲ್ಲಿಯವರೆಗೆ ಬೈದವರು "ದುಡ್ಡಿರಲಿಲ್ಲ" ಎಂಬ ನೆಪ ಕೇಳಬೇಕಾಗಿರಲಿಲ್ಲ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಒಂದು ಗೆರೆ ದಾಟಿದರೆ ತೆರಿಗೆ ಬೀಳುತ್ತದೆಯೇ ಹೊರತು ಖರ್ಚಿಗೆ ತಡೆ ಇಲ್ಲ. 2002ರಲ್ಲಿ ಓಕ್ಲೆಂಡಿನ ಸಂಬಳದ ಮೊತ್ತ ಸುಮಾರು 40 ಮಿಲಿಯನ್ ಡಾಲರ್, ನ್ಯೂಯಾರ್ಕ್ ಯಾಂಕೀಸ್‌ನದು ಸುಮಾರು 126. ಇಬ್ಬರೂ ಗೆದ್ದದ್ದು 103 ಪಂದ್ಯ.

40ನ್ನು 126ಕ್ಕೆ ಹೋಲಿಸಿ "ಮೂರು ಪಟ್ಟು" ಅಂದುಬಿಡುವುದು ಸುಲಭ. ಅದು ಅರ್ಧ ಲೆಕ್ಕ ಮಾತ್ರ. ಡಗ್ ಪಾಪಾಸ್ ಎಂಬುವರು ಒಂದು ಒಳ್ಳೆಯ ದಾರಿ ಹಾಕಿಕೊಟ್ಟರು, 2004ರಲ್ಲಿ ತೀರಿಕೊಂಡರು. ಅವರ ಯೋಚನೆ ಇಷ್ಟು: ಎಲ್ಲರಿಗೂ ಕನಿಷ್ಠ ಸಂಬಳ ಕೊಟ್ಟು, ಸಿಕ್ಕಿದವರನ್ನು ಹಾಕಿಕೊಂಡು ಆಡಿದರೂ ನೂರಕ್ಕೆ ಮೂವತ್ತು ಪಂದ್ಯ ಗೆಲ್ಲಬಹುದು. ಒಂದು ಸೀಸನ್ನಿನ 162 ಪಂದ್ಯದಲ್ಲಿ ಅದು 48.6. ಅದಕ್ಕೆ ಆಗುವ ಖರ್ಚು 28 ಜನರ ಕನಿಷ್ಠ ಸಂಬಳ, ತಂಡದಲ್ಲಿ 25 ಜನ, ಗಾಯಾಳುಗಳ ಪಟ್ಟಿಯಲ್ಲಿ 3. ಆಗ ಕನಿಷ್ಠ ಸಂಬಳ 2 ಲಕ್ಷ ಡಾಲರ್, ಹಾಗಾಗಿ 5.6 ಮಿಲಿಯನ್. ಇವೆರಡನ್ನೂ ಕಳೆಯಿರಿ. ಓಕ್ಲೆಂಡಿಗೆ ಉಳಿಯುವುದು 34.4 ಮಿಲಿಯನ್, 54.4 ಗೆಲುವು. ಭಾಗಿಸಿದರೆ ಗೆಲುವೊಂದಕ್ಕೆ 6.3 ಲಕ್ಷ ಡಾಲರ್. ಯಾಂಕೀಸ್‌ಗೆ ಗೆಲುವೊಂದಕ್ಕೆ 22 ಲಕ್ಷ. ಮೂರು ಪಟ್ಟಲ್ಲ, ಮೂರೂವರೆ ಪಟ್ಟು.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಸೀಸನ್ ಶುರುವಾದ ದಿನದ ಸಂಬಳದ ಪಟ್ಟಿ ಹಿಡಿದು ವರ್ಷದ ಕೊನೆಯ ಗೆಲುವನ್ನು ಭಾಗಿಸುವುದು. ಆ ವರ್ಷ ಜುಲೈನಲ್ಲಿ ಟೆಡ್ ಲಿಲ್ಲಿ ಬಂದ, ರೇ ಡರ್ಹಮ್ ಬಂದ. ಏಪ್ರಿಲ್ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಮಧ್ಯೆ ಬಂದವರ ಸಂಬಳವನ್ನು ದಿನದ ಲೆಕ್ಕದಲ್ಲಿ ಸೇರಿಸಬೇಕು, ಕೊಟ್ಟ ತಂಡ ಜೊತೆಗೆ ನಗದು ಕಳಿಸಿದ್ದರೆ ಅದನ್ನು ಕಳೆಯಬೇಕು. ಎರಡನೆಯದು, ಗೆಲುವನ್ನೇ ನೋಡಿ ರನ್ ನೋಡದಿರುವುದು. ಓಕ್ಲೆಂಡ್ ಆ ವರ್ಷ ಹೊಡೆದದ್ದು 800 ರನ್, ಬಿಟ್ಟುಕೊಟ್ಟದ್ದು 654. ಎರಡರ ವರ್ಗ ತೆಗೆದು, 800ರ ವರ್ಗವನ್ನು ಮೊತ್ತದಿಂದ ಭಾಗಿಸಿ, 162ರಿಂದ ಗುಣಿಸಿದರೆ 97 ಬರುತ್ತದೆ. ಅಂದರೆ ಆ ರನ್ನಿಗೆ 97 ಗೆಲುವು ನ್ಯಾಯ, ಮಿಕ್ಕ ಆರು ಹಣೆಬರಹ. ಬೀನ್ ಅವರಿಗೆ ಅಂಕ ಹಾಕುವುದಿದ್ದರೆ 97ಕ್ಕೆ ಹಾಕಿ. ಅಷ್ಟಕ್ಕೇ ಹಾಕಿದರೂ ಬೇಕಾದಷ್ಟಾಯಿತು.

ಹಣೆಬರಹ ಎಂದೆ. ಅದಕ್ಕೂ ಅಳತೆ ಇದೆ. ಸರಿಸಮ ಬಲದ ತಂಡ 162 ಪಂದ್ಯ ಆಡಿದರೆ ಬರೀ ಅದೃಷ್ಟದಿಂದಲೇ ಆರು ಗೆಲುವು ಅತ್ತಿತ್ತ ಆಗುವುದು ಸಾಮಾನ್ಯ. 75 ಗೆದ್ದ ವರ್ಷ ಜಿಎಂ ದಡ್ಡ, 87 ಗೆದ್ದ ವರ್ಷ ಜಾಣ, ತಂಡ ಮಾತ್ರ ಅದೇ! ಪ್ಲೇಆಫ್‌ನಲ್ಲಂತೂ ಕೇಳಲೇಬೇಡಿ. ನೂರಕ್ಕೆ 55 ಗೆಲ್ಲುವಷ್ಟು ಮೇಲಿರುವ ತಂಡ ಐದು ಪಂದ್ಯದ ಸರಣಿ ಗೆಲ್ಲುವ ಸಾಧ್ಯತೆ ನೂರಕ್ಕೆ 59 ಮಾತ್ರ. ಓಕ್ಲೆಂಡ್ 2000, 2001, 2002, 2003, ನಾಲ್ಕೂ ವರ್ಷ ಮೊದಲ ಸರಣಿಯಲ್ಲೇ ಸೋತಿತು, ನಾಲ್ಕೂ ಸಲ ಐದನೇ ಪಂದ್ಯದ ತನಕ ಹೋಗಿ. 2001ರ ಮೂರನೇ ಪಂದ್ಯ ನೆನಪಿರುವವರಿಗೆ ಹೇಳಬೇಕಾಗಿಲ್ಲ. ಯಾಂಕೀಸ್ ವಿರುದ್ಧದ ಸರಣಿಯಲ್ಲಿ ಓಕ್ಲೆಂಡ್ 2-0 ಮುಂದೆ, ನಮ್ಮ ಜೆರೆಮಿ ಗಿಯಾಂಬಿ ರನ್ನಿಗಾಗಿ ಮೂರನೇ ಬೇಸ್ ಸುತ್ತಿ ಬರುತ್ತಿದ್ದಾನೆ. ಚೆಂಡು ಎತ್ತಲೋ ಹೋಗುತ್ತಿತ್ತು, ಯಾಂಕೀಸ್‌ನ ಡೆರೆಕ್ ಜೀಟರ್ ಎಲ್ಲಿಂದಲೋ ಓಡಿ ಬಂದು ಅಡ್ಡಗೈಯಲ್ಲಿ ಕ್ಯಾಚರ್‌ಗೆ ಚಿಮ್ಮಿಸಿದ. ಗಿಯಾಂಬಿ ನೆಲಕ್ಕೆ ಬಿದ್ದು ಜಾರಲಿಲ್ಲ, ನಿಂತೇ ಓಡಿದ, ಔಟ್. ಪಂದ್ಯ 1-0ಗೆ ಹೋಯಿತು. ಜಾರು ಎಂದು ಹೇಳಲು ಜಿಎಂ ಅಲ್ಲಿ ನಿಂತಿರುವುದಿಲ್ಲ. ನಾಲ್ಕು ಬಾರಿ ನಾಣ್ಯ ಚಿಮ್ಮಿ ನಾಲ್ಕೂ ಬಾರಿ ಸೋಲುವವರು ಹದಿನಾರರಲ್ಲಿ ಒಬ್ಬರು ಇದ್ದೇ ಇರುತ್ತಾರೆ.

ಕಪ್ ಬಿಟ್ಟರೆ ಏನು ನೋಡಬೇಕು? ಆರು ವರ್ಷ ನೋಡಿ. ಆಟಗಾರನೊಬ್ಬ ಮೇಜರ್ ಲೀಗಿಗೆ ಬಂದ ಮೇಲೆ ಆರು ವರ್ಷದ ಸೇವೆ ತುಂಬುವವರೆಗೆ ತಂಡದ ಕೈಯಲ್ಲಿರುತ್ತಾನೆ. 172 ದಿನಕ್ಕೆ ಒಂದು ವರ್ಷ. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ, ಮುಂದಿನ ಮೂರು ವರ್ಷ ಆರ್ಬಿಟ್ರೇಷನ್, ಅಂದರೆ ಸಂಬಳಕ್ಕೆ ಪಂಚಾಯಿತಿ. ಆಮೇಲೆ ಅವನು ಸ್ವತಂತ್ರ, ಸಿರಿವಂತ ತಂಡದ ಪಾಲು. ಬಡ ತಂಡದ ಬದುಕೆಲ್ಲ ಈ ಆರು ವರ್ಷದ ಒಳಗೆ. ಯಾರನ್ನು ಯಾವ ವರ್ಷ ಮಾರಿದ, ಬದಲಿಗೆ ಎಷ್ಟು ವರ್ಷ ತಂದ ಎಂಬುದೇ ಇಲ್ಲಿ ಜಿಎಂ ಮಾಡುವ ಕಸುಬು.

ಅದಕ್ಕೆ ನನ್ನ ಒಂದು ಒತ್ತಾಯ. ಟ್ರೇಡ್, ಅಂದರೆ ತಂಡಗಳ ನಡುವೆ ಆಟಗಾರರ ಅದಲುಬದಲು, ಆದ ದಿನವೇ ಒಂದು ಚೀಟಿ ಬರೆದಿಡಿ. ಹೋದವನ ವಯಸ್ಸು, ಅವನ ಮೇಲೆ ತಂಡಕ್ಕೆ ಉಳಿದಿದ್ದ ವರ್ಷ, ಉಳಿದಿದ್ದ ಸಂಬಳ. ಬಂದವರದೂ ಅದೇ ಮೂರು. ತಂಡ ಆ ವರ್ಷ ಗೆಲ್ಲುವ ಹಂತದಲ್ಲಿತ್ತೋ ಇಲ್ಲವೋ. ಇಷ್ಟೇ. ಅಂಕವನ್ನು ಚೀಟಿಗೆ ಹಾಕಿ, ಹತ್ತು ವರ್ಷದ ಮೇಲೆ ಬಂದ ಫಲಕ್ಕಲ್ಲ.

ಇದಕ್ಕೆ 2004ರ ಡಿಸೆಂಬರ್‌ಗಿಂತ ಒಳ್ಳೆಯ ಪಾಠ ಇಲ್ಲ. ಸ್ವಲ್ಪ ಉದ್ದವಾಗುತ್ತದೆ, ಆದರೂ ಬಿಡಲಾರೆ. ಒಂದೇ ವಾರದಲ್ಲಿ ಬೀನ್ ತಮ್ಮ ಇಬ್ಬರು ದೊಡ್ಡ ಪಿಚರ್‌ಗಳನ್ನು, ಅಂದರೆ ಚೆಂಡು ಎಸೆಯುವವರನ್ನು, ಕೊಟ್ಟರು. 29ರ ಟಿಮ್ ಹಡ್ಸನ್ ಅಟ್ಲಾಂಟಾಗೆ, 27ರ ಮಾರ್ಕ್ ಮಲ್ಡರ್ ಸೇಂಟ್ ಲೂಯಿಸ್‌ಗೆ. ಇಬ್ಬರ ಕರಾರೂ ಮುಗಿಯುತ್ತಾ ಬಂದಿತ್ತು. ಎರಡೂ ಕಡೆಯಿಂದ ಮೂರು ಮೂರು ಜನ ಬಂದರು, ಎರಡರಲ್ಲೂ ಒಬ್ಬೊಬ್ಬ ಎಳೆಯ ಪಿಚರ್ ಮುಖ್ಯ: ಅಲ್ಲಿಂದ ಡ್ಯಾನ್ ಮೇಯರ್, ಇಲ್ಲಿಂದ ಡ್ಯಾನ್ ಹೇರನ್. ಎರಡು ಚೀಟಿಯನ್ನೂ ಪಕ್ಕಪಕ್ಕ ಇಟ್ಟರೆ ಹೆಸರು ಬಿಟ್ಟರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಆದದ್ದೇನು? ಹಡ್ಸನ್ ಅಟ್ಲಾಂಟಾಗೆ 113 ಪಂದ್ಯ ಗೆದ್ದುಕೊಟ್ಟ. ಮೇಯರ್‌ನ ಭುಜ ಕೆಟ್ಟಿತು, ಮಿಕ್ಕಿಬ್ಬರೂ ಕೈಹಿಡಿಯಲಿಲ್ಲ. ಅತ್ತ ಮಲ್ಡರ್ ಮೊದಲ ವರ್ಷ 16 ಗೆದ್ದ, ಮರುವರ್ಷ 6, ಭುಜ ಹೋಯಿತು, ಮತ್ತೆ ಒಂದೂ ಗೆಲ್ಲಲಿಲ್ಲ. ಹೇರನ್ ಮಾತ್ರ ಓಕ್ಲೆಂಡಿನಲ್ಲಿ ಮೂರು ವರ್ಷ, ಪ್ರತಿ ವರ್ಷ 200 ಇನಿಂಗ್ಸ್ ದಾಟಿ ಎಸೆದ. ಒಂದೇ ತಲೆ, ಒಂದೇ ವಾರ, ಒಂದೇ ತರ್ಕ. ಒಂದಕ್ಕೆ ಛೀಮಾರಿ, ಇನ್ನೊಂದಕ್ಕೆ ಹಾರ ತುರಾಯಿ ಹಾಕಿದರೆ ನಾವು ಅಂಕ ಹಾಕಿದ್ದು ಬೀನ್‌ಗಲ್ಲ, ಎರಡು ಭುಜಗಳಿಗೆ.

ಈ ಮಲ್ಡರ್ ಬಳ್ಳಿ ಇನ್ನೂ ಹಬ್ಬುತ್ತದೆ, ನೋಡಿ. 2007ರ ಡಿಸೆಂಬರ್‌ನಲ್ಲಿ ಹೇರನ್‌ನನ್ನು ಅರಿಜೋನಾಗೆ ಕೊಟ್ಟು ಆರು ಜನರನ್ನು ತಂದರು. ಅದರಲ್ಲಿ ಬ್ರೆಟ್ ಆಂಡರ್ಸನ್, ಕ್ರಿಸ್ ಕಾರ್ಟರ್, ಕಾರ್ಲೋಸ್ ಗೊನ್ಸಾಲೆಸ್. 2013ರ ಆರಂಭದಲ್ಲಿ ಕಾರ್ಟರ್ ಜೊತೆ ಇನ್ನಿಬ್ಬರನ್ನು ಕೊಟ್ಟು ಹ್ಯೂಸ್ಟನ್ನಿಂದ ಜೆಡ್ ಲೌರಿಯನ್ನು ತಂದರು. ಆ ವರ್ಷ ಲೌರಿ 45 ಡಬಲ್ (ಒಂದೇ ಏಟಿಗೆ ಎರಡನೇ ಬೇಸ್ ಮುಟ್ಟಿಸುವ ಹೊಡೆತ) ಹೊಡೆದ, ತಂಡ 96 ಗೆದ್ದು ವಿಭಾಗಕ್ಕೇ ಮೊದಲು ಬಂತು. ಆಂಡರ್ಸನ್‌ನನ್ನು ಕೊಟ್ಟು ಪೊಮರಾಂಜ್, ಪೊಮರಾಂಜ್‌ನನ್ನು ಕೊಟ್ಟು ಯಾಂಡರ್ ಅಲೊನ್ಸೊ, ಅವನನ್ನು 2017ರಲ್ಲಿ ಸಿಯಾಟಲ್‌ಗೆ. 2004ರಲ್ಲಿ ನೆಟ್ಟ ಬಳ್ಳಿ ಹದಿಮೂರು ವರ್ಷ ಒಂದಲ್ಲ ಒಂದು ಕಾಯಿ ಬಿಡುತ್ತಲೇ ಬಂತು. ಮಲ್ಡರ್‌ನನ್ನು ಇಟ್ಟುಕೊಂಡಿದ್ದರೆ ಇವು ಯಾವುದೂ ಇರುತ್ತಿರಲಿಲ್ಲ.

ಅದೇ ಬಳ್ಳಿಯಲ್ಲಿ ಒಂದು ಕೊಳೆತ ಕಾಯಿಯೂ ಇದೆ, ಅದನ್ನು ಮುಚ್ಚಿಡಬಾರದು. 2008ರ ನವೆಂಬರ್‌ನಲ್ಲಿ ಗೊನ್ಸಾಲೆಸ್ ಸೇರಿ ಮೂವರನ್ನು ಕೊಲೊರಾಡೊಗೆ ಕೊಟ್ಟು ಮ್ಯಾಟ್ ಹಾಲಿಡೇಯನ್ನು ತಂದರು. ಚೀಟಿ ಬರೆಯಿರಿ: ಗೊನ್ಸಾಲೆಸ್ ಮೇಲೆ ಉಳಿದಿದ್ದದ್ದು ಐದಾರು ವರ್ಷ, ಸಂಬಳ ಕನಿಷ್ಠ. ಹಾಲಿಡೇ ಮೇಲೆ ಒಂದೇ ವರ್ಷ. ತಂಡ ಹಿಂದಿನ ಸೀಸನ್ನಿನಲ್ಲಿ ಗೆದ್ದದ್ದು 75. ಬಾಡಿಗೆ ಮನೆಗೆ ಚಿನ್ನದ ಬಾಗಿಲು ಹಾಕಿಸಿದಂತೆ! ಮರುವರ್ಷ ಜುಲೈಯಲ್ಲೇ ಹಾಲಿಡೇಯನ್ನು ಮಾರಿದರು, ತಂಡ ಮತ್ತೆ 75. ಗೊನ್ಸಾಲೆಸ್ 2010ರಲ್ಲಿ .336 ಹೊಡೆದು ನ್ಯಾಷನಲ್ ಲೀಗಿನ ಬ್ಯಾಟಿಂಗ್ ಕಿರೀಟ ಗೆದ್ದ. ನನ್ನ ತಕರಾರು ಆ .336ರ ಮೇಲಲ್ಲ. ಅವನು ಏನೂ ಆಗದೆ ಹೋಗಿದ್ದರೂ ಆ ದಿನದ ಚೀಟಿಗೆ ನಾನು ಕೆಂಪು ಗೆರೆಯನ್ನೇ ಎಳೆಯುತ್ತಿದ್ದೆ. 2014ರ ನವೆಂಬರ್‌ನಲ್ಲಿ ಜಾಶ್ ಡೊನಾಲ್ಡ್‌ಸನ್‌ನನ್ನು ಟೊರಾಂಟೊಗೆ ಕೊಟ್ಟದ್ದಕ್ಕೂ ಅದೇ ಕೆಂಪು ಗೆರೆ. ಅವನ ಮೇಲೆ ಇನ್ನೂ ನಾಲ್ಕು ವರ್ಷ ಉಳಿದಿತ್ತು. ಮರುವರ್ಷ ಅವನು ಎಂವಿಪಿ, ಅಂದರೆ ಲೀಗಿನ ಆ ವರ್ಷದ ಶ್ರೇಷ್ಠ ಆಟಗಾರ, ಆದದ್ದು ಬೇರೆ ಮಾತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬರೆದುಕೊಂಡು ಬಂದದ್ದರಲ್ಲಿ ಇನ್ನೂ ಮೂರು ವಿಷಯ ಉಳಿದಿದೆ, ಬೇಗ ಹೇಳುತ್ತೇನೆ.

ಬಳುವಳಿ. ಬೀನ್ ಜಿಎಂ ಆದದ್ದು 1997ರ ಸೀಸನ್ ಮುಗಿದ ಮೇಲೆ. 2002ರಲ್ಲಿ ಎಂವಿಪಿ ಆದ ಮಿಗೆಲ್ ತೆಹಾಡಾ 1993ರಿಂದ ತಂಡದಲ್ಲಿದ್ದ, ಎರಿಕ್ ಶಾವೆಸ್ 1996ರ ಡ್ರಾಫ್ಟ್ (ತಂಡಗಳು ಹೊಸ ಹುಡುಗರನ್ನು ಸರದಿಯಲ್ಲಿ ಆರಿಸುವುದು, ಹೆಚ್ಚು ಸೋತವರಿಗೆ ಮುಂದಿನ ಸರದಿ), ಹಡ್ಸನ್ 1997ರ ಜೂನ್. ಆ ಅಂಕ ಹಿಂದಿನ ಜಿಎಂ ಸ್ಯಾಂಡಿ ಆಲ್ಡರ್ಸನ್ ಅವರ ಖಾತೆಗೆ. ಮಲ್ಡರ್ 1998, ಬ್ಯಾರಿ ಜೀಟೊ 1999, ಇವರು ಬೀನ್ ಖಾತೆಗೆ. ಮಲ್ಡರ್ ಎರಡನೇ ಆಯ್ಕೆಯಲ್ಲೇ ಸಿಕ್ಕಿದ್ದು ಹಿಂದಿನ ವರ್ಷ ತಂಡ 97 ಸೋತಿದ್ದರಿಂದ. ಎರಡು ಬಣ್ಣದ ಪೆನ್ ಹಿಡಿದು ತಂಡದ ಪಟ್ಟಿಗೆ ಗುರುತು ಹಾಕಿದರೆ ಅರ್ಧ ಗಂಟೆಯ ಕೆಲಸ.

ರನ್ ಉಳಿಸುವುದು. ಟ್ಯಾಂಪಾ ಬೇ 2007ರಲ್ಲಿ 66 ಗೆದ್ದಿತು, 2008ರಲ್ಲಿ 97, ವರ್ಲ್ಡ್ ಸೀರೀಸ್, ಅಂದರೆ ಫೈನಲ್, ತನಕ ಹೋಯಿತು. ಬ್ಯಾಟಿಂಗ್ ಸುಧಾರಿಸಿತೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹೊಡೆದ ರನ್ 782ರಿಂದ 774ಕ್ಕೆ ಇಳಿದಿತ್ತು! ಬಿಟ್ಟುಕೊಟ್ಟದ್ದು 944ರಿಂದ 671. ಅಲ್ಲಿ ತಂಡ ಕಟ್ಟುತ್ತಿದ್ದ ಆಂಡ್ರೂ ಫ್ರೀಡ್‌ಮನ್, ಹೆಸರು ಮಾಡಿದ್ದ ಹೊಡೆತಗಾರ ಡೆಲ್ಮನ್ ಯಂಗ್‌ನನ್ನು ಮಿನೆಸೋಟಾಗೆ ಕೊಟ್ಟು ಪಿಚರ್ ಮ್ಯಾಟ್ ಗಾರ್ಜಾ, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ಚೆಂಡು ಹಿಡಿಯುವವನು) ಜೇಸನ್ ಬಾರ್ಟ್ಲೆಟ್ ಇಬ್ಬರನ್ನೂ ತಂದಿದ್ದರು. ಹೊಡೆಯುವವನಿಗೆ ಸಂತೆಯಲ್ಲಿ ಬೆಲೆ ಜಾಸ್ತಿ, ಚೆಂಡು ಹಿಡಿಯುವವನಿಗೆ ಆಗ ಕಡಿಮೆ ಇತ್ತು.

ಮೂರನೆಯದು ಮಾಲೀಕ. ಬಜೆಟ್ ಜಿಎಂ ಬರೆಯುವುದಿಲ್ಲ. ಲೀಗಿನಿಂದ ಬರುವ ಪಾಲಿನ ಹಣವನ್ನು ಆಟಗಾರರಿಗೆ ಸರಿಯಾಗಿ ಖರ್ಚು ಮಾಡುತ್ತಿಲ್ಲವೆಂದು 2018ರಲ್ಲಿ ಆಟಗಾರರ ಸಂಘ ನಾಲ್ಕು ತಂಡಗಳ ಮೇಲೆ ದೂರು ಕೊಟ್ಟಿತು, ಓಕ್ಲೆಂಡ್ ಅದರಲ್ಲೊಂದು. ಬಡತನ ನಿಜವೋ ಆರಿಸಿಕೊಂಡದ್ದೋ ಎಂದು ಕೇಳಬೇಕಾದ್ದು ಮಾಲೀಕನನ್ನು. ಕೈಗೆ ಕೊಟ್ಟ ದುಡ್ಡಿನಲ್ಲಿ ಏನು ಮಾಡಿದೆ ಎಂದು ಜಿಎಂನನ್ನು ಕೇಳಿ.

ಕಡೆಯದಾಗಿ ಒಂದು ಮನೆಗೆಲಸ ಕೊಟ್ಟು ಕೂರುತ್ತೇನೆ. 2025ರ ಜುಲೈ 31ರಂದು ಈಗಿನ ಜಿಎಂ ಡೇವಿಡ್ ಫೋರ್ಸ್ಟ್, ಗಂಟೆಗೆ ನೂರು ಮೈಲಿ ದಾಟಿ ಎಸೆಯುವ ಮೇಸನ್ ಮಿಲ್ಲರ್‌ನನ್ನು, ಜೊತೆಗೆ ಜೆಪಿ ಸಿಯರ್ಸ್‌ನನ್ನು, ಸ್ಯಾನ್ ಡಿಯೇಗೊಗೆ ಕೊಟ್ಟು ನಾಲ್ವರನ್ನು ತಂದರು. ಅದರಲ್ಲಿ ಲಿಯೊ ಡಿ ವ್ರೀಸ್ ಎಂಬ ಹುಡುಗನಿಗೆ ಆಗ 18 ವರ್ಷ. ಮಿಲ್ಲರ್ ಮೇಲೆ 2029ರವರೆಗೆ ಹಕ್ಕಿತ್ತು, ಅಂದರೆ ಇನ್ನೂ ನಾಲ್ಕು ಪೂರ್ತಿ ಸೀಸನ್. ಆದರೆ ಅವನು ಎಸೆಯುವುದು ಪಂದ್ಯಕ್ಕೊಂದು ಇನಿಂಗ್ಸ್, ತಂಡ ಆಗ ಸೋಲುತ್ತಿತ್ತು. ಡೊನಾಲ್ಡ್‌ಸನ್ ಮೇಲೂ ನಾಲ್ಕೇ ವರ್ಷ ಉಳಿದಿತ್ತು, ಆದರೆ ಅವನು ದಿನಾ ಒಂಬತ್ತು ಇನಿಂಗ್ಸ್ ಮೂರನೇ ಬೇಸ್ ಕಾಯುತ್ತಿದ್ದವನು. ಇವೆರಡು ಚೀಟಿಯನ್ನೂ ಇವತ್ತು ರಾತ್ರಿ ಪಕ್ಕಪಕ್ಕ ಬರೆದು, ನಿಮ್ಮ ಅಂಕ ಹಾಕಿ, ಕೆಳಗೆ ತಾರೀಕು ನಮೂದಿಸಿ ಮಡಚಿಡಿ.

ನಮಸ್ಕಾರ.