ಆ ಹಾಳೆಗೆ ಸಹಿ ಹಾಕುವ ಮೊದಲು

ನಮಸ್ಕಾರ್ರಿ ಎಲ್ಲರಿಗೂ. ಇವತ್ತು ಕಲಬುರಗಿಯಿಂದ ಒಂದು ಹಾಳೆಯ ಕತೆ ಹೇಳುತ್ತೇನೆ.

ನನಗೆ ಗೊತ್ತಿರುವ ಒಬ್ಬ ಅಕ್ಕ ಇದ್ದಾರೆ. ಊರು ಬೇಡ, ಶಾಲೆಯ ಹೆಸರೂ ಬೇಡ. ಮಗ ನಾಲ್ಕನೇ ಕ್ಲಾಸ್. ಬಿಸಿಯೂಟಕ್ಕೆ ಕೂತಾಗ ಅವನನ್ನೂ ಅವನ ಕೇರಿಯ ಇನ್ನಿಬ್ಬರನ್ನೂ ಬೇರೆ ಸಾಲಿನಲ್ಲಿ ಕೂರಿಸುತ್ತಿದ್ದರು. ಅಕ್ಕ ಹೋಗಿ ಜೋರಾಗಿಯೇ ಕೇಳಿದರು. ಮಾರನೇ ದಿನ ಹೆಡ್‌ಮಾಸ್ಟರ್ ರೂಮಿಗೆ ಕರೆ ಬಂತು. ಒಳಗೆ ಆರು ಜನ ಗಂಡಸರು. ಎಸ್‌ಡಿಎಂಸಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯವರು, ಊರ ಹಿರಿಯರು. ಚಹಾ ತರಿಸಿದರು. "ಆಗಿದ್ದು ಆಗಿ ಹೋಯ್ತವ್ವಾ, ಹುಡುಗನ ಓದು ನೋಡು" ಅಂದರು. ಒಂದು ಹಾಳೆ ಮುಂದಿಟ್ಟರು. ಅಕ್ಕ ಸಹಿ ಮಾಡಿ ಬಂದರು.

ಅದರಲ್ಲಿ ಬರೆದಿದ್ದು: ತಪ್ಪು ತಿಳಿದು ದೂರಿದ್ದೆ, ಈಗ ನನ್ನದೇನೂ ತಕರಾರಿಲ್ಲ.

ಮೂರು ವಾರ ಕಳೆಯಿತು. ಸಾಲು ಮತ್ತೆ ಬೇರೆ. ಈ ಸಲ ಎಲ್ಲಿ ದೂರು ಒಯ್ದರೂ ಮೊದಲು ಹೊರಗೆ ಬರುತ್ತಿದ್ದದ್ದು ಅದೇ ಹಾಳೆ.

ನನ್ನ ಸಿಟ್ಟು ಇಲ್ಲೇ. ವಕೀಲರು ಅಂದರೆ ಕೋರ್ಟಿಗೆ ಹೋದಮೇಲೆ ಬೇಕಾಗುವವರು ಅಂತ ನಾವು ಅಂದುಕೊಂಡಿದ್ದೇವೆ. ಅಕ್ಕನಿಗೆ ವಕೀಲರು ಬೇಕಿದ್ದದ್ದು ಆ ಚಹಾ ಬಂದ ಹೊತ್ತಿಗೆ.

"ಫೀಸ್ ಎಲ್ಲಿಂದ ತರೋದ್ರಿ?" ಅಂತೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಅಂತ ಒಂದಿದೆ. ಅದರ 12ನೇ ಸೆಕ್ಷನ್ ಪ್ರಕಾರ ಎಸ್‌ಸಿ, ಎಸ್‌ಟಿ, ಹೆಂಗಸರು, ಮಕ್ಕಳು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಇವರಿಗೆಲ್ಲ ವಕೀಲರು ಉಚಿತ. ಇವರಿಗೆ ಆದಾಯದ ಮಿತಿಯೇ ಇಲ್ಲ. ಇದು ಜೈಲಿನಲ್ಲಿರುವವರಿಗೆ ಮಾತ್ರ ಅಂತ ಎಷ್ಟೋ ಜನ ನಂಬಿದ್ದಾರೆ. ಜಿಲ್ಲಾ ಕೋರ್ಟಿನಲ್ಲೂ ತಾಲೂಕು ಕೋರ್ಟಿನಲ್ಲೂ ಈ ಉಚಿತ ಕಾನೂನು ಸೇವೆಯ ಕಚೇರಿ ಇರುತ್ತದೆ. ಫೋನಾದರೆ 15100.

ಉಚಿತ ವಕೀಲರೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಬರೀ ತಾರೀಖು ತಗೊಂಡು ಬರುವವರೂ ಇದ್ದಾರೆ. ಅಂಥವರು ಸಿಕ್ಕರೆ ಬದಲಿಸಿ ಕೊಡಿ ಅಂತ ಅದೇ ಕಚೇರಿಗೆ ಅರ್ಜಿ ಹಾಕಿ. ಸಂಕೋಚ ಬೇಡ, ಅವರೇನು ದಾನ ಕೊಡುತ್ತಿಲ್ಲ.

ಮೊದಲೇ ಯಾಕೆ ಬೇಕು ಅಂದರೆ ಕೇಳಿ. ಎಸ್‌ಸಿ, ಎಸ್‌ಟಿಯವರನ್ನು ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಸರಿ. ಆದರೆ ಅದರಲ್ಲಿ ಬೈಗುಳಕ್ಕೆ ಇರುವ ಕಲಂ ನಿಲ್ಲಬೇಕಾದರೆ ಬೈದದ್ದು ಹೊರಗಿನ ಜನರ ಕಣ್ಣಿಗೆ, ಕಿವಿಗೆ ಬಿದ್ದಿರಬೇಕು. ಹೊರಗಿನವರು ಯಾರೂ ಇಲ್ಲದೆ ನಾಲ್ಕು ಗೋಡೆಯೊಳಗೆ ಬೈದರೆ ಆ ಕಲಂ ಅನ್ವಯಿಸುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮ್ಯಾನೇಜರ್ ಕ್ಯಾಬಿನ್‌ನಲ್ಲಿ ಬೈದನೋ, ಮಿಲ್ಲಿನ ಅಂಗಳದಲ್ಲಿ ಬೈದನೋ, ಪಕ್ಕದಲ್ಲಿ ಯಾರಿದ್ದರು, ಇದೆಲ್ಲ ಮೊದಲ ದೂರಿನಲ್ಲೇ ಬರಬೇಕು. ನೊಂದು ಅಳುತ್ತಾ ಬರೆಸುವವರಿಗೆ ಇದು ಹೊಳೆಯುತ್ತದಾ? ಕೋರ್ಟಿನಲ್ಲಿ ಆಮೇಲೆ ಸೇರಿಸಿದರೆ "ಮೊದಲು ಯಾಕೆ ಹೇಳಲಿಲ್ಲ" ಅಂತ ಎದುರು ವಕೀಲರು ಹಿಡಿಯುತ್ತಾರೆ.

ಅದೇ ಕಾಯ್ದೆಯ 15ಎ ಸೆಕ್ಷನ್ನಿನಲ್ಲಿ ವಕೀಲರ, ಸಂಘಟನೆಯವರ ನೆರವು ಪಡೆಯುವುದು ನೊಂದವರ ಹಕ್ಕು ಅಂತಲೇ ಬರೆದಿದೆ. ಎಫ್‌ಐಆರ್ ಪ್ರತಿಗೂ ದುಡ್ಡಿಲ್ಲ. ಬಾಯಲ್ಲಿ ಹೇಳಿದ್ದನ್ನು ಪೊಲೀಸರು ಬರೆದುಕೊಂಡರೆ, ಓದಿ ಹೇಳಿ ಆಮೇಲೆ ಸಹಿ ತಗೋಬೇಕು. ಹೆಡ್‌ಮಾಸ್ಟರ್ ರೂಮಿನಲ್ಲಿ ಅಂಥ ಕಟ್ಟುಪಾಡಿಲ್ಲ ನೋಡಿ.

ಇನ್ನು ಕೆಲಸದ ಜಾಗ. ಸರ್ಕಾರಿ ನೌಕರಿಯಾದರೆ ಸಂವಿಧಾನದ 16ನೇ ವಿಧಿ ಇದೆ. ಖಾಸಗಿಯಲ್ಲಿ ಎಲ್ಲ ತಾರತಮ್ಯಕ್ಕೂ ಸೇರಿದ ಒಂದೇ ಕಾನೂನು ನಮ್ಮಲ್ಲಿಲ್ಲ. ಬಸುರಿ ಅಂತ ತೆಗೆದರೆ ಮೊದಲು 1961ರ ಹೆರಿಗೆ ಸೌಲಭ್ಯ ಕಾಯ್ದೆ ಇತ್ತು, 2025ರ ನವೆಂಬರ್‌ನಿಂದ ಅದರ ಬದಲು 2020ರ ಸಾಮಾಜಿಕ ಭದ್ರತಾ ಸಂಹಿತೆ ಹಿಡಿಯಬೇಕು. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ. ಹತ್ತು ಜನರಿಗಿಂತ ಕಡಿಮೆ ಇರುವ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬೇಕು, ಅದೂ ಸಾಮಾನ್ಯವಾಗಿ ಮೂರು ತಿಂಗಳೊಳಗೆ. ಯಾವ ದಾರಿ ಅಂತ ಹೇಳುವುದಕ್ಕೇ ವಕೀಲರು ಬೇಕು.

ನಮ್ಮ ತೊಗರಿ ಬೇಳೆ ಮಿಲ್ಲುಗಳಲ್ಲಿ ದುಡಿಯುವ ಎಷ್ಟೋ ಹೆಂಗಸರಿಗೆ ಅಪಾಯಿಂಟ್‌ಮೆಂಟ್ ಲೆಟರ್ ಅನ್ನುವುದೇ ಇಲ್ಲ. "ಈಕೆ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ" ಅಂದುಬಿಟ್ಟರೆ? ಪಗಾರ ಫೋನ್‌ಪೇಗೆ ಬಂದಿದ್ದರೆ ಆ ಎಂಟ್ರಿ, ಹಾಜರಿ ಚೀಟಿ, ಮಿಲ್ಲಿನೊಳಗೆ ತೆಗೆದ ಒಂದು ಫೋಟೋ, ಯಾವುದನ್ನೂ ಅಳಿಸಬೇಡಿ.

ಆ ಅಕ್ಕ ಕೊನೆಗೆ ತಾಲೂಕು ಕೋರ್ಟಿನ ಕಚೇರಿಗೆ ಹೋದರು. ಹೊಸ ದೂರು ಬರೆಸಿದರು, ಹಳೆಯ ಹಾಳೆಗೆ ಹೇಗೆ ಸಹಿ ಬಿತ್ತು ಅನ್ನುವುದನ್ನೂ ಸೇರಿಸಿ. ಶಾಲೆಯಿಂದ ಮತ್ತೆ ಕರೆ ಬಂತು. ಮತ್ತೊಂದು ಹಾಳೆ. ಅಕ್ಕ ಅದನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡು, "ವಕೀಲ್ರಿಗೆ ತೋರಿಸಿ ತರ್ತೀನ್ರಿ ಸರ್" ಅಂದರಂತೆ.

ಆ ದಿನ ಚಹಾ ತರಿಸಲಿಲ್ಲವಂತೆ.