ಗ್ಯಾಸ್ ಸಿಕ್ಕಿದ ಮೇಲೆ ಏನು? ಟ್ರಿನಿಡಾಡ್ ದ್ವೀಪದ ಲೆಕ್ಕಾಚಾರ

ಎಲ್ಲರಿಗೂ ನಮಸ್ಕಾರ. ಟ್ರಿನಿಡಾಡ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಬ್ರಯಾನ್ ಲಾರಾ. ಇವತ್ತು ಕ್ರಿಕೆಟ್ ಬಿಟ್ಟು ಅಲ್ಲಿನ ಗ್ಯಾಸ್ ವಿಷಯ ಮಾತಾಡೋಣ. ಟ್ರಿನಿಡಾಡ್, ಟೊಬಾಗೊ ಎರಡೂ ಸೇರಿದರೂ ನಮ್ಮ ಕೊಡಗಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಜನ ಸುಮಾರು 14 ಲಕ್ಷ. ಗ್ಯಾಸಿನಿಂದ ಮಾಡುವ ಅಮೋನಿಯದ ರಫ್ತಿನಲ್ಲಿ ಈ ಪುಟ್ಟ ದೇಶ ವರ್ಷಗಟ್ಟಲೆ ಜಗತ್ತಿನ ಮುಂಚೂಣಿಯಲ್ಲಿತ್ತು.

ಸಮುದ್ರದಲ್ಲಿ ಗ್ಯಾಸ್ ಸಿಕ್ಕಿತು, ಅದಕ್ಕೇ ಉದ್ಧಾರ ಆದರು ಅಂದರೆ ಅದು ಅರ್ಧ ಉತ್ತರವೂ ಅಲ್ಲ. ಗ್ಯಾಸ್ ಸೈಪ್ರಸ್‌ಗೂ ಸಿಕ್ಕಿದೆ. 2011ರಲ್ಲಿ ಆಫ್ರೊಡೈಟಿ ಅನ್ನುವ ದೊಡ್ಡ ನಿಕ್ಷೇಪ ಕಂಡಾಗ ಸಂಭ್ರಮವೋ ಸಂಭ್ರಮ. ಆಮೇಲೆ ಟರ್ಕಿ ಜೊತೆ ಜಗಳ, ಇಸ್ರೇಲ್ ಜೊತೆ ಪಾಲಿನ ಮಾತು, ಪೈಪ್ ಯಾವ ಕಡೆ ಎಳೆಯೋದು ಅನ್ನುವ ವಾದ. ಹತ್ತು ವರ್ಷ ದಾಟಿದರೂ ಅವರು ಕರೆಂಟಿಗೆ ಎಣ್ಣೆಯನ್ನೇ ಸುಡುತ್ತಿದ್ದರು. ಕಚ್ಚಾ ತೈಲವನ್ನಾದರೆ ಹಡಗಿಗೆ ತುಂಬಿ ಯಾರಿಗೆ ಬೇಕಾದರೂ ಮಾರಬಹುದು. ಗ್ಯಾಸ್ ಹಾಗಲ್ಲ. ಪೈಪ್ ಬೇಕು, ಇಲ್ಲವೇ ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಬೇಕು. ಅಂದರೆ ಕೊಳ್ಳುವವರು ಯಾರು ಅಂತ ಬಾವಿ ತೋಡುವ ಮೊದಲೇ ಗೊತ್ತಿರಬೇಕು.

ಟ್ರಿನಿಡಾಡ್ ಹಳೆಯ ತೈಲದ ದೇಶ. ತೈಲದ ಜೊತೆ ಬಂದ ಗ್ಯಾಸನ್ನು ಮೊದಲೆಲ್ಲ ಸುಮ್ನೆ ಉರಿಸಿಬಿಡುತ್ತಿದ್ದರು. 1960ರ ದಶಕದ ಕೊನೆಯ ಹೊತ್ತಿಗೆ ಅಮೊಕೊ ಕಂಪನಿಗೆ ಪೂರ್ವದ ಸಮುದ್ರದಲ್ಲಿ ಜಾಸ್ತಿ ಗ್ಯಾಸ್ ಸಿಗತೊಡಗಿತು. 1973ರಲ್ಲಿ ತೈಲದ ಬೆಲೆ ಏರಿ ಸರ್ಕಾರದ ಕೈಗೆ ಕಾಸು ಬಂತು. ಪ್ರಧಾನಿ ಎರಿಕ್ ವಿಲಿಯಮ್ಸ್ ಮುಂದೆ ಸುಲಭದ ದಾರಿಯೂ ಇತ್ತು, ದ್ರವ ಮಾಡಿ ಅಮೆರಿಕಕ್ಕೆ ಮಾರಿಬಿಡುವುದು. ಅವರು ಅದನ್ನು ಬಿಟ್ಟು ಗ್ಯಾಸ್ ದಡಕ್ಕೆ ಬರಲಿ, ಇಲ್ಲೇ ಏನಾದರೂ ಮಾಡೋಣ ಅಂದರು. 1975ರಲ್ಲಿ ನ್ಯಾಷನಲ್ ಗ್ಯಾಸ್ ಕಂಪನಿ ಹುಟ್ಟಿತು. ಕೂವಾ ಊರಿನ ಪಕ್ಕ ಪಾಯಿಂಟ್ ಲೀಸಾಸ್‌ನಲ್ಲಿ ಕಾರ್ಖಾನೆಗಳು ಎದ್ದವು. ಅಲ್ಲಿ ಮೊದಲು ಇದ್ದದ್ದು ಕಬ್ಬಿನ ಹೊಲ. ಆ ಸೀಮೆಯ ಕಬ್ಬಿನಲ್ಲಿ ದುಡಿದವರು ಹೆಚ್ಚಾಗಿ 1845ರಿಂದ ಹಡಗಿನಲ್ಲಿ ಭಾರತದಿಂದ ಹೋದ ಕರಾರು ಕೂಲಿಗಳು, ಅವರ ಮಕ್ಕಳು ಮೊಮ್ಮಕ್ಕಳು.

ನನಗೆ ತುಂಬಾ ಜಾಣತನ ಅನಿಸುವುದು ಕಾರ್ಖಾನೆಗಳಲ್ಲ, ನಡುವೆ ಕೂತ ಆ ಗ್ಯಾಸ್ ಕಂಪನಿ. ಸಮುದ್ರದಲ್ಲಿ ತೆಗೆಯುವವರಿಂದ ಅದು ಕೊಳ್ಳುತ್ತದೆ, ದಡದ ಕಾರ್ಖಾನೆಗಳಿಗೆ ಮಾರುತ್ತದೆ. ಮಾರುವಾಗ ಬೆಲೆಯನ್ನು ಜಗತ್ತಿನ ಮಾರುಕಟ್ಟೆಯ ಅಮೋನಿಯ, ಮೆಥನಾಲ್ (ಗ್ಯಾಸಿನಿಂದಲೇ ಮಾಡುವ ಇನ್ನೊಂದು ರಾಸಾಯನಿಕ) ದರಕ್ಕೆ ಗಂಟು ಹಾಕಿತು. ಅಮೋನಿಯ ದರ ಬಿದ್ದರೆ ಗ್ಯಾಸ್ ದರವೂ ಇಳಿಯುತ್ತದೆ, ಕಾರ್ಖಾನೆ ಮುಚ್ಚುವುದಿಲ್ಲ. ಏರಿದರೆ ದೇಶಕ್ಕೂ ಪಾಲು. ಮಾರುಕಟ್ಟೆಯಿಂದ ಇಷ್ಟು ದೂರದ ದ್ವೀಪಕ್ಕೆ ಕಾರ್ಖಾನೆ ಹಾಕುವವರು ಬಂದದ್ದು ಇದರಿಂದ.

ಅಮೋನಿಯ ಅಂದರೆ ಬೇರೇನಲ್ಲ, ನಮ್ಮ ರೈತರ ಯೂರಿಯಾದ ಮೂಲ. ಗ್ಯಾಸಿನಲ್ಲಿರುವ ಮೀಥೇನ್ ಮತ್ತು ಹಬೆ ಸೇರಿಸಿ ಹೈಡ್ರೋಜನ್ ತೆಗೆಯುತ್ತಾರೆ, ಅದಕ್ಕೆ ಗಾಳಿಯ ನೈಟ್ರೋಜನ್ ಕೂಡಿಸುತ್ತಾರೆ, ಮೈನಸ್ 33 ಡಿಗ್ರಿಗೆ ತಣಿಸಿ ಹಡಗಿಗೆ ತುಂಬುತ್ತಾರೆ. ನಮ್ಮ ಮಂಗಳೂರಿನ ರಸಗೊಬ್ಬರ ಕಾರ್ಖಾನೆ ಕೂಡ ನಾಫ್ತಾ ಅನ್ನುವ ಪೆಟ್ರೋಲಿಯಂ ಎಣ್ಣೆ ಬಿಟ್ಟು ಕೊಚ್ಚಿಯಿಂದ ಬರುವ ಪೈಪ್ ಗ್ಯಾಸ್‌ಗೆ ಬದಲಾಗಿದೆ.

ಎಲ್ಲವೂ ಗೆದ್ದಿತು ಅಂತಲ್ಲ. ಸರ್ಕಾರವೇ ಕಟ್ಟಿದ ಉಕ್ಕಿನ ಕಾರ್ಖಾನೆ ನಷ್ಟದ ಮೇಲೆ ನಷ್ಟ ಮಾಡಿತು, 1989ರಲ್ಲಿ ಅದನ್ನು ನಡೆಸಲು ಕೊಟ್ಟದ್ದು ನಮ್ಮ ಲಕ್ಷ್ಮಿ ಮಿತ್ತಲ್ ಕಂಪನಿಗೆ, 2016ರಲ್ಲಿ ಅದೂ ಬಾಗಿಲು ಹಾಕಿತು. ಕಬ್ಬಿನ ಸರ್ಕಾರಿ ಕಂಪನಿ ಕರೋನಿ 2003ರಲ್ಲಿ ಮುಚ್ಚಿತು. ಗ್ಯಾಸ್ ದುಡ್ಡಿರುವಾಗ ಊಟವನ್ನು ಆಮದು ಮಾಡಿಕೊಳ್ಳುವುದು ಸುಲಭ ಅಲ್ವಾ? ಕರೆಂಟು ಬಹುತೇಕ ಪೂರ್ತಿ ಗ್ಯಾಸಿನದ್ದು, ಬಲು ಅಗ್ಗ. ಹಾಗಾಗಿ ಉಳಿಸುವ ಗೊಡವೆ ಯಾರಿಗೂ ಇಲ್ಲ. 2007ರಲ್ಲಿ ಮುಂದಿನ ಪೀಳಿಗೆಗೆ ಅಂತ ಒಂದು ನಿಧಿ ಮಾಡಿದರು, ಅದೊಂದು ಒಳ್ಳೆಯ ಕೆಲಸ.

1999ರಲ್ಲಿ ಎಲ್‌ಎನ್‌ಜಿ, ಅಂದರೆ ತಣಿಸಿ ದ್ರವ ಮಾಡಿದ ಗ್ಯಾಸ್ ಬಂತು. ಪಾಯಿಂಟ್ ಫೋರ್ಟಿನ್‌ನ ಅಟ್ಲಾಂಟಿಕ್ ಘಟಕದಲ್ಲಿ ಗ್ಯಾಸ್ ತಣಿಸುವ ಸಾಲಿಗೆ ಟ್ರೇನ್ ಅನ್ನುತ್ತಾರೆ. ಕೆಲವೇ ವರ್ಷದಲ್ಲಿ ಅಂಥವು ನಾಲ್ಕಾದವು. ಪೂರ್ವದ ದಡದಿಂದ ದ್ವೀಪವನ್ನೇ ಸೀಳಿಕೊಂಡು 56 ಇಂಚಿನ ಪೈಪ್ ಹಾಕಿದರು. ಮೊದಲ ಟ್ರೇನಿಗೆ ಹತ್ತು ವರ್ಷ ತೆರಿಗೆ ಮಾಫಿ! ಬೆಲೆಯ ಒಪ್ಪಂದಗಳೂ ಬಹುಪಾಲು ಅಮೆರಿಕದ ದರಕ್ಕೆ ಕಟ್ಟಿದವು. ಆಮೇಲೆ ಅಲ್ಲಿ ಬಂಡೆಯ ಪದರ ಒಡೆದು ತೆಗೆಯುವ ಶೇಲ್ ಗ್ಯಾಸ್ ಬಂದು ದರ ಕುಸಿಯಿತು. ಕಂಪನಿಗಳು ಹಡಗನ್ನು ಜಾಸ್ತಿ ದರ ಕೊಡುವ ಕಡೆ ತಿರುಗಿಸಿದವು, ಆ ಲಾಭದಲ್ಲಿ ನಮಗೆ ಸರಿಯಾದ ಪಾಲು ಬರಲಿಲ್ಲ ಅನ್ನುವುದು ಟ್ರಿನಿಡಾಡ್ ಸರ್ಕಾರದ ಹಳೇ ದೂರು. ಕಾರ್ಖಾನೆಗಳ ಜೊತೆ ಅಷ್ಟು ಹುಷಾರಾಗಿ ಬೆಲೆ ಕಟ್ಟಿದವರು ಇಲ್ಲಿ ಯಾಕೆ ಸಡಿಲ ಬಿಟ್ಟರೋ ನನಗಂತೂ ಅರ್ಥವಾಗುವುದಿಲ್ಲ.

2010ರ ಸುಮಾರಿಗೆ ದಿನಕ್ಕೆ 400 ಕೋಟಿ ಘನ ಅಡಿಗೂ ಹೆಚ್ಚು ಗ್ಯಾಸ್ ಬರುತ್ತಿತ್ತು. ಈಗ 250 ಕೋಟಿಯ ಆಸುಪಾಸು. ಮೊದಲ ಟ್ರೇನ್ 2020ರ ಕೊನೆಗೆ ನಿಂತಿತು. ಅಲ್ಲಿನ ಪತ್ರಿಕೆ ತೆರೆದರೆ ಕರ್ಟೇಲ್‌ಮೆಂಟ್ ಅನ್ನುವ ಮಾತು ಮತ್ತೆ ಮತ್ತೆ ಕಾಣುತ್ತದೆ. ಅಂದರೆ ಒಪ್ಪಿಕೊಂಡಷ್ಟು ಗ್ಯಾಸ್ ಕೊಡಲಾಗುತ್ತಿಲ್ಲ, ಇರುವುದರಲ್ಲೇ ಹಂಚಿಕೊಳ್ಳಿ ಅಂತ.

ಪಕ್ಕದ ವೆನೆಜುವೆಲಾದ ಡ್ರಾಗನ್ ನಿಕ್ಷೇಪದ ಮೇಲೆ ಅವರಿಗೆ ಬಹಳ ಆಸೆ. ಆದರೆ ವೆನೆಜುವೆಲಾ ಮೇಲಿನ ನಿರ್ಬಂಧದಿಂದಾಗಿ ಅದಕ್ಕೆ ಅಮೆರಿಕದ ಅಪ್ಪಣೆ ಬೇಕಾಯಿತು. 2023ರ ಜನವರಿಯಲ್ಲಿ ಸಿಕ್ಕಿತು, 2025ರ ಏಪ್ರಿಲ್‌ನಲ್ಲಿ ವಾಪಸ್ ಹೋಯಿತು, ಅದೇ ಅಕ್ಟೋಬರ್‌ನಲ್ಲಿ ಮಾತುಕತೆಗೆ ಅಂತ ಮತ್ತೆ ಬಂತು. ಇದನ್ನು ನಂಬಿ ಯಾರು ಕಾರ್ಖಾನೆ ನಡೆಸುತ್ತಾರೆ? ಗಡಿಯ ಈಚೆಗೆ, ತಮ್ಮದೇ ನೀರಿನಲ್ಲಿರುವ ಮನಟೀ ನಿಕ್ಷೇಪವೇ ವಾಸಿ. ಅದನ್ನು ತೆಗೆಯಲು 2024ರ ಜುಲೈನಲ್ಲಿ ಶೆಲ್ ಕಂಪನಿ ತೀರ್ಮಾನ ಮಾಡಿದೆ, 2027ಕ್ಕೆ ಗ್ಯಾಸ್ ಬರಬೇಕು. ಆದರೆ ಶೆಲ್ ಲೆಕ್ಕದಲ್ಲಿ ಅದು ಅಟ್ಲಾಂಟಿಕ್‌ನ ಎಲ್‌ಎನ್‌ಜಿಗೆ. ಪಾಯಿಂಟ್ ಲೀಸಾಸ್‌ನ ಅಮೋನಿಯ ಕಾರ್ಖಾನೆಗಳಿಗೆ ಅದರಲ್ಲಿ ಎಷ್ಟು ಪಾಲು, ಯಾವ ದರಕ್ಕೆ ಅನ್ನುವುದನ್ನೇ ನಾನು ಕಾದು ನೋಡುತ್ತಿದ್ದೇನೆ. ಈಗ ನಿಮ್ಮ ಪ್ರಶ್ನೆಗಳು ಬರಲಿ.